ಮಠದ ಬಿಯರೂ ಮರುವಿಕ್ರಯದ ಪ್ರಶ್ನೆಯೂ

ಬೆಲ್ಜಿಯಂ ದೇಶದ ಪಶ್ಚಿಮ ಫ್ಲಾಂಡರ್ಸ್ ಪ್ರಾಂತದಲ್ಲಿ, ಫ್ರಾನ್ಸಿನ ಗಡಿಗೆ ಸಮೀಪವಾಗಿ, ವೆಸ್ಟ್‌ವ್ಲೇಟರೆನ್ ಎಂಬ ಸಣ್ಣ ಗ್ರಾಮವಿರುವುದು. ಅಲ್ಲಿ ಸಂತ ಸಿಕ್ಸ್ಟಸನ ಹೆಸರಿನಲ್ಲಿ 1831ರಲ್ಲಿ ಸ್ಥಾಪಿತವಾದ ಕ್ರೈಸ್ತ ಸಂನ್ಯಾಸಿಗಳ ಮಠವೊಂದುಂಟು. ಈ ಮಠದವರು ತಾವೇ ತಯಾರಿಸಿದ ಬಿಯರನ್ನು ಮಠದ ಬಾಗಿಲಲ್ಲಿ ಮಾರಿ, ಕೊಂಡವರಿಗೆ ಕೊಡುತ್ತಿದ್ದ ರಸೀದಿಯಲ್ಲಿ, ಈ ಪದಾರ್ಥವನ್ನು ಮುಂದೆ ಯಾರಿಗೂ ಮಾರಕೂಡದೆಂಬ ಅರ್ಥದ ಒಂದು ನಿಬಂಧನೆಯನ್ನು ಅಚ್ಚುಹಾಕಿಸುತ್ತಿದ್ದರು. ಮಾರಿಬಿಟ್ಟ ವಸ್ತುವಿನ ಮೇಲೆ ಮಾರಿದವನಿಗೆ ಇಂಥ ಅಧಿಕಾರವುಂಟೆ? ಉಂಟೆಂದರೆ ಅದನ್ನು ನಡೆಯಿಸುವ ಬಗೆ ಯಾವುದು? ಇಲ್ಲವೆಂದರೆ, ಅಗ್ಗವಾಗಿ ಕೊಡಬೇಕೆಂಬ ಉತ್ಪಾದಕನ ಸತ್ಸಂಕಲ್ಪವು ನಡುವಣ ವ್ಯಾಪಾರಿಯ ಲಾಭವಾಗಿ ಪರಿಣಮಿಸದಂತೆ ತಡೆಯುವುದು ಹೇಗೆ? ಈ ಮೂರು ಪ್ರಶ್ನೆಗಳೂ ಅರ್ಥಶಾಸ್ತ್ರಕ್ಕೂ ವ್ಯವಹಾರಶಾಸ್ತ್ರಕ್ಕೂ ಸಮಾನವಾಗಿ ಸೇರಿದುವು. ವಿಷಯವು ಮದ್ಯಕ್ಕೆ ಸಂಬಂಧಿಸಿದುದೆಂದು ವಿದ್ವಾಂಸರು ಸಂಕೋಚಪಡಬೇಕಾದುದಿಲ್ಲ. ಕೌಟಿಲ್ಯನು ಸುರಾಧ್ಯಕ್ಷನಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವನಷ್ಟೆ.

ಮೊದಲು ವಸ್ತುವಿನ ಪರಿಚಯವು ಅವಶ್ಯಕ. ಜವೆಗೋದಿಯನ್ನು ಮೊಳೆಯಿಸಿ ಒಣಗಿಸಿ ನುಚ್ಚುಮಾಡಿ ಬಿಸಿನೀರಿನಲ್ಲಿ ನೆನೆಹಾಕಿ, ಅದರಿಂದ ಇಳಿದ ಸಿಹಿರಸವನ್ನು ಹಾಪ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿ, ಆರಿದ ಬಳಿಕ ಕಿಣ್ವವನ್ನು ಬೆರಸಿ ಹುದುಗೆಬ್ಬಿಸಿದರೆ ಆಗುವ ಪಾನೀಯವೇ ಬಿಯರು. ವೆಸ್ಟ್‌ವ್ಲೇಟರೆನ್ನಿಗೆ ಹತ್ತಿರದ ಪೋಪರಿಂಗೆ ಪಟ್ಟಣದ ಸುತ್ತಮುತ್ತ ಈ ಹಾಪ್ ಬಳ್ಳಿಯ ಬೆಳೆಯು ಪ್ರಸಿದ್ಧವಾದುದು. ಮಠದಲ್ಲಿ ಬಿಯರ್ ತಯಾರಿಕೆಯು ಸುಮಾರು 1838-39ರಲ್ಲಿ ಮೊದಲಾಯಿತು. ಈಗ ಅಲ್ಲಿ ಮೂರು ಬಗೆಗಳುಂಟು: 1999ರಲ್ಲಿ ಹೊಸದಾಗಿ ಸೇರಿದ ಹೊಂಬಣ್ಣದ ಬಿಯರು, ‘ಎಂಟು’ ಎಂಬ ಹೆಸರಿನದು, ‘ಹನ್ನೆರಡು’ ಎಂಬ ಹೆಸರಿನದು. ಇವುಗಳಲ್ಲಿ ಮದ್ಯಸಾರದ ಅಂಶವು ಕ್ರಮವಾಗಿ ನೂರಕ್ಕೆ 5.8, 7.9 ಮತ್ತು 10.2ರಷ್ಟಿರುವುದು. ಬಹುಕಾಲ ಸೀಸೆಗಳಿಗೆ ಹೆಸರಿನ ಚೀಟಿಯನ್ನೇ ಅಂಟಿಸುತ್ತಿರಲಿಲ್ಲ. ಮುಚ್ಚಳದ ಬಣ್ಣ ಹಸುರೋ ನೀಲಿಯೋ ಹಳದಿಯೋ ಎಂಬುದನ್ನು ನೋಡಿ ಬಗೆಯನ್ನು ತಿಳಿಯಬೇಕಾಗಿತ್ತು. ಹಳದಿ ಮುಚ್ಚಳದ ‘ಹನ್ನೆರಡು’ ಕಪ್ಪುಬಣ್ಣದ್ದು, ತೀಕ್ಷ್ಣವಾದುದು; ತಂಪಾದ ನೆಲಮಾಳಿಗೆಯಲ್ಲಿ ವರ್ಷಾಂತರ ಇಟ್ಟರೂ ಕೆಡದೆ ಪಾಕಗೊಳ್ಳತಕ್ಕದ್ದು. ಈ ಕಡೆಯ ಗುಣವು ಮುಂದಣ ವಿಚಾರಕ್ಕೆ ಬಹಳ ಮುಖ್ಯ.

ಈ ಸಂನ್ಯಾಸಿಗಳು ಟ್ರ್ಯಾಪಿಸ್ಟರೆಂದು ಹೆಸರಾದ ಸಿಸ್ಟರ್ಸಿಯನ್ ಪಂಥದವರು. ಕ್ರಿ. ಶ. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ರಚಿಸಿದ ನಿಯಮಗ್ರಂಥವೇ ಇವರಿಗೆ ಪ್ರಮಾಣ. ಆ ಗ್ರಂಥದ 57ನೆಯ ಅಧ್ಯಾಯವು ಮಠದಲ್ಲಿರುವ ಕುಶಲಕರ್ಮಿಗಳನ್ನು ಕುರಿತದ್ದು. ತನ್ನ ಕೈಚಳಕದಿಂದ ಮಠಕ್ಕೆ ಲಾಭವಾಗುತ್ತಿರುವುದೆಂದು ಗರ್ವಪಡುವ ಕರ್ಮಿಯನ್ನು ಆ ಕೆಲಸದಿಂದ ಬಿಡಿಸಬೇಕು. ಮಠದ ಪದಾರ್ಥಗಳನ್ನು ಮಾರುವವರು ಮೋಸಕ್ಕೆ ಕೈಹಾಕಕೂಡದು. ಬೆಲೆ ಕಟ್ಟುವಲ್ಲಿ ಲೋಭವು ನುಸುಳದಂತೆ, ಲೌಕಿಕರು ಮಾರುವುದಕ್ಕಿಂತ ಯಾವಾಗಲೂ ತುಸು ಕಡಿಮೆಗೆ ಕೊಡಬೇಕು. ಇದು ಅಲ್ಲಿಯ ವಿಧಿ. ಗಮನಿಸತಕ್ಕ ಅಂಶವೇನೆಂದರೆ, ವಿಧಿಯು ಬೆಲೆಯನ್ನು ಕುರಿತು ಹೇಳಿದೆಯೇ ಹೊರತು ಕೊಳ್ಳುವವನು ಯಾರಿರಬೇಕೆಂಬುದನ್ನು ಹೇಳಿಲ್ಲ. ಪದಾರ್ಥವು ಎಲ್ಲರಿಗೂ ಸಾಕಾಗುವಷ್ಟಿದ್ದ ಕಾಲದಲ್ಲಿ ಈ ಮೌನದಿಂದ ಯಾವ ಬಾಧಕವೂ ಇರಲಿಲ್ಲ. ಸಾಲದಾದ ಕಾಲದಲ್ಲಿ ಇದೇ ತೊಡಕಾಯಿತು.

ಎರಡನೆಯ ಮಹಾಯುದ್ಧವು ಮುಗಿಯುತ್ತಲೇ ಮಠದ ಅಧಿಪತಿಗಳು ಬಿಯರಿನ ವ್ಯಾಪಾರವನ್ನು ಕುಗ್ಗಿಸಲು ನಿಶ್ಚಯಿಸಿದರು. ವ್ಯಾಪಾರ ಬೆಳೆದಷ್ಟೂ ಪ್ರಾರ್ಥನೆಗೂ ಮೌನಕ್ಕೂ ಹಾನಿಯೆಂಬುದು ಅವರ ಅಭಿಪ್ರಾಯ. ಮಠದ ಜೀವನಕ್ಕೆ ಬೇಕಾದಷ್ಟನ್ನು ಮಾತ್ರ ಒಳಗೆ ತಯಾರಿಸಿ ಬಾಗಿಲಲ್ಲಿಯೇ ಮಾರುವುದೆಂದೂ, ಹೊರಗಣ ಮಾರುಕಟ್ಟೆಗೆ ಬೇಕಾದುದನ್ನು ಬೇರೆಯವರು ತಯಾರಿಸಬಹುದೆಂದೂ ಏರ್ಪಾಡಾಯಿತು. ಅದರಂತೆ 1946ರಲ್ಲಿ ಹತ್ತಿರದ ವಾಟೌ ಗ್ರಾಮದ ಸಂತ ಬರ್ನಾರ್ಡಸ್ ಕಾರ್ಖಾನೆಗೆ ಅನುಮತಿ ದೊರೆತು, ಅದು 1992ರವರೆಗೆ ನಡೆಯಿತು. ಟ್ರ್ಯಾಪಿಸ್ಟ್ ಎಂಬ ಹೆಸರುಳ್ಳ ಬಿಯರು ಮಠದ ಗೋಡೆಗಳೊಳಗೇ ಸಿದ್ಧವಾಗತಕ್ಕದ್ದೆಂದು ಮಠಗಳವರು ನಿರ್ಧರಿಸಿದುದರಿಂದ ಆ ಅನುಮತಿಯು ಮುಂದುವರಿಯಲಿಲ್ಲ. ಅಲ್ಲಿಂದ ಮುಂದೆ ವೆಸ್ಟ್‌ವ್ಲೇಟರೆನ್ನಿನ ಬಿಯರೆಂದರೆ ಮಠದ ಬಾಗಿಲು ಮತ್ತು ಅದರ ಎದುರಿನ ‘ಇನ್ ಡೆ ವ್ರೇಡೆ’ ಎಂಬ ಪಾನಗೃಹ, ಈ ಎರಡೇ ಸ್ಥಳಗಳಲ್ಲಿ ದೊರೆಯತಕ್ಕ ವಸ್ತುವಾಯಿತು.

ಸುಂಕವನ್ನು ತಪ್ಪಿಸಿಕೊಳ್ಳಬೇಕೆಂದು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ನಡೆದ ವರ್ತಕನಿಗೆ ಬೆಳಗಾಗುವಾಗ ಸುಂಕದ ಕಟ್ಟೆಯೇ ಎದುರಾಯಿತೆಂಬ ಘಟ್ಟಕುಟೀಪ್ರಭಾತ ನ್ಯಾಯವು ಶಾಸ್ತ್ರಜ್ಞರಿಗೆ ಪರಿಚಿತವಾದುದು. ಈ ಸಂನ್ಯಾಸಿಗಳಿಗೆ ಒದಗಿದುದೂ ಅದೇ. ವ್ಯಾಪಾರದ ಗದ್ದಲವನ್ನು ತಪ್ಪಿಸಿಕೊಳ್ಳಲು ಉತ್ಪತ್ತಿಯನ್ನು ಕಡಿಮೆಮಾಡಿದರು. ಕಡಿಮೆಯಾದುದರಿಂದ ವಸ್ತು ದುರ್ಲಭವಾಯಿತು. ದುರ್ಲಭವಾದುದರಿಂದಲೇ ಅದರ ಕೀರ್ತಿ ಹಬ್ಬಿತು. 2005ರಲ್ಲಿ ರೇಟ್‌ಬಿಯರ್ ಎಂಬ ಅಂತರಜಾಲ ರಸಿಕಕೂಟದವರು ‘ಹನ್ನೆರಡ’ನ್ನು ಜಗತ್ತಿನ ಅತ್ಯುತ್ತಮ ಬಿಯರೆಂದು ಸಾರಿದರು. ಸುದ್ದಿಯು ವೃತ್ತಪತ್ರಿಕೆಗಳಿಗೆ ಹಬ್ಬಿ, ಮಠದ ದಾರಿಯಲ್ಲಿ ಮೋಟಾರುಗಳು ಸಾಲುಗಟ್ಟಿ ನಿಂತುವು, ದಾಸ್ತಾನು ಬರಿದಾಯಿತು. ಪ್ರಶಸ್ತಿಯನ್ನು ಕೇಳಿ ಕಾರ್ಖಾನೆಯನ್ನು ವಿಸ್ತರಿಸುವುದು ಲೌಕಿಕ ವರ್ತಕನ ಸ್ವಭಾವ. ಮಠದವರು ಉತ್ಪತ್ತಿಯನ್ನೂ ಹೆಚ್ಚಿಸಲಿಲ್ಲ, ಬೆಲೆಯನ್ನೂ ಏರಿಸಲಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಹಾಕಿ ನೋಡಬಹುದು. ಮಠದ ವಾರ್ಷಿಕ ಉತ್ಪತ್ತಿಯು ದೀರ್ಘಕಾಲ ಸುಮಾರು 4,750 ಹೆಕ್ಟೋಲೀಟರುಗಳಷ್ಟು, ಎಂದರೆ 4,75,000 ಲೀಟರುಗಳಷ್ಟು, ಇದ್ದಿತು. ಒಂದೊಂದು ಸೀಸೆಗೆ ಲೀಟರಿನ ಮೂರನೆಯ ಒಂದಂಶದಂತೆ ಇದು ಸುಮಾರು 14 ಲಕ್ಷ 40 ಸಾವಿರ ಸೀಸೆಗಳಾಗುವುದು. ಪೆಟ್ಟಿಗೆಗೆ 24ರಂತೆ ಸುಮಾರು 60,000 ಪೆಟ್ಟಿಗೆಗಳು. ಪಾನಗೃಹದಲ್ಲಿ ಖರ್ಚಾಗುವುದನ್ನು ಬಿಟ್ಟರೂ, ಒಬ್ಬೊಬ್ಬನಿಗೆ ಎರಡು ಪೆಟ್ಟಿಗೆಗಳಂತೆ ಕೊಟ್ಟರೆ ವರ್ಷಕ್ಕೆ 30,000 ಮಂದಿಗೆ ಸಾಕು. ಜಗತ್ತಿನ ನಾನಾ ದೇಶಗಳ ರಸಿಕರಿಗೆ ಇದು ಏತಕ್ಕೂ ಸಾಲದೆಂಬುದು ಸ್ಪಷ್ಟ. ಪೆಟ್ಟಿಗೆಯನ್ನು ಒಂದಕ್ಕೆ ಇಳಿಸಿದರೂ ಸಾಲದು.

ಹೀಗೆ ಮಾರುವವನು ಕೇಳುವ ಬೆಲೆಗೂ ಕೊಳ್ಳುವವರು ಕೊಡಲು ಸಿದ್ಧರಾಗಿರುವ ಬೆಲೆಗೂ ನಡುವೆ ಒಂದು ಅಂತರವು ಏರ್ಪಡುವುದು. ಮಾರುವವನು ಬೇಡವೆಂದ ಮಾತ್ರಕ್ಕೆ ಈ ಅಂತರವು ಇಲ್ಲವಾಗುವುದಿಲ್ಲ. ಅದನ್ನು ಯಾರಾದರೊಬ್ಬರು ಪಡೆಯಲೇಬೇಕು, ಇಲ್ಲವೆ ಅದು ವ್ಯರ್ಥವಾಗಿ ನಷ್ಟವಾಗಬೇಕು. ಕೌಟಿಲ್ಯನು ಇದನ್ನು ಸ್ಪಷ್ಟವಾಗಿ ಕಂಡಿದ್ದನು. ಮೈಸೂರಿನ ಪ್ರಾಚ್ಯ ಪುಸ್ತಕಭಾಂಡಾರದಲ್ಲಿ ದೊರೆತ ಹಸ್ತಪ್ರತಿಯಿಂದ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಶುಲ್ಕಾಧ್ಯಕ್ಷನ ಅಧ್ಯಾಯದಲ್ಲಿ, ಸುಂಕದ ಕಟ್ಟೆಯ ಬಳಿ ವರ್ತಕನು ತನ್ನ ಸರಕಿನ ಪ್ರಮಾಣವನ್ನೂ ಬೆಲೆಯನ್ನೂ ಮೂರು ಬಾರಿ ಕೂಗಿ ಮಾರತಕ್ಕದ್ದೆಂದು ವಿಧಿಯಿದೆ. ಕೊಳ್ಳುವವರೊಳಗೆ ಪೈಪೋಟಿ ಹುಟ್ಟಿ ಬೆಲೆಯೇರಿದರೆ, ಏರಿದ ಭಾಗವು ಸುಂಕದೊಡನೆ ರಾಜಕೋಶಕ್ಕೆ ಸೇರತಕ್ಕದ್ದು. ಸ್ಪರ್ಧೆಯಿಂದ ಹುಟ್ಟಿದ ಹೆಚ್ಚಿಗೆಯು ಉತ್ಪಾದಕನ ಶ್ರಮದ ಫಲವಲ್ಲ, ಕೊಂಡವನ ಶ್ರಮದ ಫಲವೂ ಅಲ್ಲ. ಆದುದರಿಂದ ಅದು ರಾಜನದು. ಈ ನಿರ್ಣಯವನ್ನು ಎಲ್ಲರೂ ಒಪ್ಪಬೇಕಾದುದಿಲ್ಲ. ಆದರೆ ಈ ಅಂತರವು ಯಾರದೆಂಬ ಪ್ರಶ್ನೆಯನ್ನು ಅವನು ಬಿಟ್ಟುಬಿಡದೆ ಎತ್ತಿರುವುದು ಮೆಚ್ಚತಕ್ಕದ್ದು. ಅಪೂರ್ವ ಪದಾರ್ಥಗಳ ವಿಕ್ರಯವನ್ನು ಕುರಿತ ಈಗಿನ ಚರ್ಚೆಗಳಲ್ಲಿ ಬಹುಪಾಲು ಈ ಒಂದು ಪ್ರಶ್ನೆಯನ್ನು ಮರೆತು, ಮರುಮಾರಾಟಗಾರನ ದುರಾಶೆಯನ್ನು ಹಳಿಯುವುದರಲ್ಲಿಯೇ ಮುಗಿಯುವುವು. ದುರಾಶೆಯು ಎಲ್ಲ ವ್ಯಾಪಾರದಲ್ಲಿಯೂ ಇದ್ದದ್ದೇ. ಅದಕ್ಕೆ ಇಲ್ಲಿ ಎಡೆಯೆಲ್ಲಿಂದ ಬಂದಿತೆಂಬುದೇ ವಿಚಾರಿಸತಕ್ಕದ್ದು.

ಅಂತರವನ್ನು ಹಂಚುವ ಬಗೆಗಳು ಅನೇಕವಾಗಿವೆ. ಉತ್ಪಾದಕನೇ ಬೆಲೆಯನ್ನು ಏರಿಸಿ ಅದನ್ನು ತಾನೇ ಪಡೆಯಬಹುದು; ಆಗ ಮರುಮಾರಾಟಗಾರನಿಗೆ ಉಳಿಯುವುದೇನೂ ಇಲ್ಲ. ಆದರೆ ನೆರೆಯೂರಿನ ರೈತನೂ ಶಾಲೆಯ ಉಪಾಧ್ಯಾಯನೂ ಆ ವಸ್ತುವಿನ ಆಸೆಯನ್ನು ಬಿಡಬೇಕಾಗುವುದು. ಮಠದವರೂ ಒಮ್ಮೆ ಈ ದಾರಿಯನ್ನು ಹಿಡಿದುದುಂಟು. ಶಿಥಿಲವಾದ ಮಠದ ಕಟ್ಟಡವನ್ನು ಹೊಸದಾಗಿ ಕಟ್ಟಿಸುವುದಕ್ಕಾಗಿ, ಆರು ಸೀಸೆ ‘ಹನ್ನೆರಡ’ನ್ನೂ ಎರಡು ಪಾನಪಾತ್ರೆಗಳನ್ನೂ ಇಟ್ಟಿಗೆಯ ಚಿತ್ರವಿರುವ ಪೆಟ್ಟಿಗೆಯಲ್ಲಿಟ್ಟು, 2011ರಲ್ಲಿ ಬೆಲ್ಜಿಯಂನಲ್ಲಿಯೂ 2012ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿಯೂ ಅಂಗಡಿಗಳ ಮೂಲಕ ಮಾರಿದರು. ಅಮೆರಿಕದಲ್ಲಿ ಪೆಟ್ಟಿಗೆಯ ಬೆಲೆ ಸುಮಾರು 85 ಡಾಲರು. ಕಾರ್ಯವು ಒಂದು ನಿಮಿತ್ತಕ್ಕಾಗಿ, ಒಂದು ಕಾಲಕ್ಕಾಗಿ ಮಾಡಿದುದಾದುದರಿಂದ ಇದನ್ನು ನೈಮಿತ್ತಿಕವೆಂದು ಎಣಿಸಬೇಕಲ್ಲದೆ ನಿತ್ಯವಿಧಿಯ ಉಲ್ಲಂಘನವೆಂದು ಎಣಿಸಲಾಗದು.

ಸಾಲು ನಿಲ್ಲಿಸುವುದು ಎರಡನೆಯ ಬಗೆ. ಇದು ಮೇಲುನೋಟಕ್ಕೆ ಅತ್ಯಂತ ನ್ಯಾಯವಾದುದೆಂದು ಕಾಣುವುದು. ಮೊದಲು ಬಂದವನಿಗೆ ಮೊದಲು. ಆದರೆ ಸಾಲಿನಲ್ಲಿ ಕಳೆದ ಹೊತ್ತು ಯಾರಿಗೂ ಸೇರುವುದಿಲ್ಲ. ಹೆಚ್ಚಿಗೆ ಹಣ ಕೊಟ್ಟರೆ ಅದು ಮಠಕ್ಕಾದರೂ ಕೋಶಕ್ಕಾದರೂ ವರ್ತಕನಿಗಾದರೂ ತಲಪುವುದು. ಆರು ಗಂಟೆ ಕಾದರೆ ಆ ಆರು ಗಂಟೆ ಕೊಂಡವನಿಗೂ ಇಲ್ಲ, ಮಾರಿದವನಿಗೂ ಇಲ್ಲ. ಅದಲ್ಲದೆ ಹೊತ್ತು ಅಗ್ಗವಾಗಿರುವವನನ್ನು ಕೂಲಿಗೆ ಹಿಡಿದು ಸಾಲಿನಲ್ಲಿ ನಿಲ್ಲಿಸುವುದು ಮರುಮಾರಾಟಗಾರನಿಗೆ ಸುಲಭ. ನೆರೆಹೊರೆಯವರಿಗೆ ಆಗುವ ಉಪದ್ರವವನ್ನೂ ಮರೆಯಲಾಗದು. ಅಮೆರಿಕದ ವರ್ಮಾಂಟ್ ಸಂಸ್ಥಾನದ ವಾಟರ್‌ಬರಿ ಎಂಬ ಊರಿನಲ್ಲಿ ‘ಹೆಡ್ಡಿ ಟಾಪರ್’ ಎಂಬ ಬಿಯರನ್ನು ತಯಾರಿಸುತ್ತಿದ್ದ ಆಲ್ಕೆಮಿಸ್ಟ್ ಸಂಸ್ಥೆಯವರು ವಾಹನಗಳ ದಟ್ಟಣೆಯನ್ನು ತಾಳಲಾರದೆ 2013ರಲ್ಲಿ ತಮ್ಮ ಕಾರ್ಖಾನೆಯ ಅಂಗಡಿಯನ್ನೇ ಮುಚ್ಚಬೇಕಾಯಿತು. ಅವರು ಕಡೆಗೆ ಹಿಡಿದುದು ಉತ್ಪತ್ತಿಯನ್ನು ಹೆಚ್ಚಿಸುವ ದಾರಿ. 2016ರಲ್ಲಿ ಹತ್ತಿರದ ಸ್ಟೋ ಎಂಬಲ್ಲಿ ಎರಡನೆಯ ಕಾರ್ಖಾನೆಯನ್ನು ತೆರೆದರು. ಸಾಧ್ಯವಿದ್ದವರಿಗೆ ಇದಕ್ಕಿಂತ ಸರಳವಾದ ಉಪಾಯವಿಲ್ಲ. ಪ್ರಾರ್ಥನೆಯ ಹೊತ್ತನ್ನು ಕುಗ್ಗಿಸಲೊಲ್ಲದ ಸಂನ್ಯಾಸಿಗಳಿಗೆ ಅದು ಹೊಂದದು.

ಚೀಟಿ ಎತ್ತುವುದು ಮತ್ತೊಂದು ಬಗೆ. ಪೆನ್ಸಿಲ್ವೇನಿಯಾ ಸಂಸ್ಥಾನದ ಮದ್ಯಮಂಡಲಿಯು ಅಪರೂಪವಾದ ವಿಸ್ಕಿಗಳನ್ನು ಹೀಗೆ ಹಂಚುವುದುಂಟು. ಇದರಲ್ಲಿ ಹೊತ್ತು ವ್ಯರ್ಥವಾಗುವುದಿಲ್ಲ. ಆದರೆ ಅದೃಷ್ಟಕ್ಕೆ ರುಚಿಯಿಲ್ಲವಾದುದರಿಂದ, ಕುಡಿಯುವ ಆಸೆಯೇ ಇಲ್ಲದವನೂ ಚೀಟಿ ಹಾಕುವನು.

ಇವೆಲ್ಲಕ್ಕಿಂತ ಬೇರೆಯಾದ ಬಗೆಯೊಂದು ಕ್ಯಾಲಿಫೋರ್ನಿಯಾದ ಸಾಂಟಾ ರೋಸಾ ಪಟ್ಟಣದಲ್ಲಿ ಕಾಣಬರುವುದು. ಅಲ್ಲಿಯ ರಷ್ಯನ್ ರಿವರ್ ಎಂಬ ಸಂಸ್ಥೆಯವರು ರೋಮನ್ ಗ್ರಂಥಕಾರ ಕಿರಿಯ ಪ್ಲಿನಿಯ ಹೆಸರನ್ನಿಟ್ಟು 2005ರಿಂದ ವರ್ಷಕ್ಕೊಮ್ಮೆ ಒಂದು ಬಿಯರನ್ನು ಹೊರತರುತ್ತಿದ್ದಾರೆ. ಬಹುಕಾಲ ಇದನ್ನು ಸೀಸೆಗೆ ತುಂಬದೆ, ಪಾನಗೃಹದಲ್ಲಿಯೇ ಬಟ್ಟಲುಗಳಲ್ಲಿ ಬಡಿಸಿ, ಒಬ್ಬನಿಗೆ ಮೂರು ಬಟ್ಟಲೆಂದು ಮಿತಿಯನ್ನಿಟ್ಟು, ಕೈಗೆ ಪಟ್ಟಿಯನ್ನು ಕಟ್ಟಿ ಎಣಿಸುತ್ತಿದ್ದರು. ಕುಡಿದ ಬಟ್ಟಲನ್ನು ಮರಳಿ ಮಾರುವ ಕೌಶಲವು ಯಾರಿಗೂ ಇಲ್ಲ. ಬ್ರಸಲ್ಸಿನ ಕಾಂತಿಯೋನ್ ಸಂಸ್ಥೆಯವರೂ ಕೆಲವು ಅಪೂರ್ವ ಸೀಸೆಗಳನ್ನು ಅಲ್ಲಿಯೇ ಕುಡಿಯುವವರಿಗೆ ಮಾತ್ರ ಕೊಡುವರು. ಸುರಾಧ್ಯಕ್ಷನ ಅಧ್ಯಾಯದಲ್ಲಿ ಇದಕ್ಕೆ ಸಮಾನವಾದ ವಿಧಿಯಿರುವುದನ್ನು ವಿದ್ವಾಂಸರು ಬಲ್ಲರು. ಸುರೆಯನ್ನು ಗ್ರಾಮದಿಂದ ಹೊರಕ್ಕೆ ಒಯ್ಯಕೂಡದು, ರಾಶಿಹಾಕಕೂಡದು. ಪಾನಾಗಾರದಲ್ಲಿಯೇ ಅಲೆದಾಡದೆ ಕುಡಿಯತಕ್ಕದ್ದು. ಶುಚಿಯಾದ ನಡತೆಯವರೆಂದು ತಿಳಿದುಬಂದವರು ಮಾತ್ರ ಗುರುತುಮಾಡಿದ ಅಲ್ಪಪ್ರಮಾಣವನ್ನು, ಕಾಲು ಕುಡುಬದಿಂದ ಒಂದು ಪ್ರಸ್ಥದವರೆಗೆ, ಒಯ್ಯಬಹುದು. ಕೌಟಿಲ್ಯನ ಉದ್ದೇಶವು ಬೇರೆಯೇ. ಕೆಲಸಗಾರರು ಪ್ರಮಾದಕ್ಕೆ ಒಳಗಾಗದಿರಲಿ, ಆರ್ಯರು ಮರ್ಯಾದೆಯನ್ನು ಮೀರದಿರಲಿ, ತೀಕ್ಷ್ಣಸ್ವಭಾವದವರು ಸಾಹಸಕ್ಕೆ ಕೈಹಾಕದಿರಲಿ ಎಂಬುದು ಅವನ ಎಣಿಕೆ. ನ್ಯಾಯವಾದ ಹಂಚಿಕೆಯ ಮಾತು ಅಲ್ಲಿಲ್ಲ. ಆದರೂ ಉಪಾಯದ ಅಂಗಗಳು ಮೂರೂ, ಎಂದರೆ ಸ್ಥಳದ ನಿಯಮ, ಪ್ರಮಾಣದ ನಿಯಮ, ವ್ಯಕ್ತಿಯ ನಿಯಮ, ಅಲ್ಲಿ ಒಟ್ಟಾಗಿಯೇ ದೊರೆಯುವುವು. ಇವುಗಳಲ್ಲಿ ಮೂರನೆಯದೇ ಮಠದವರ ಕೈಯಲ್ಲಿ ಬಹಳ ಬೆಳೆಯಿತು.

2005ರ ನೂಕುನುಗ್ಗಲಾದ ಮೇಲೆ ಮಠದವರು ದೂರವಾಣಿಯ ಮೂಲಕ ಮುಂಗಡವಾಗಿ ಹೇಳಿದವರಿಗೆ ಮಾತ್ರ ಕೊಡುವ ಪದ್ಧತಿಯನ್ನು ತಂದರು. ಯಾವ ದಿನ ಯಾವ ಹೊತ್ತಿನಲ್ಲಿ ಯಾವ ಬಗೆಯ ಬಿಯರಿಗೆ ಕರೆಗಳನ್ನು ಸ್ವೀಕರಿಸುವರೆಂಬುದನ್ನು ಮೊದಲೇ ತಿಳಿಸುತ್ತಿದ್ದರು. ಕರೆದವನು ತನ್ನ ವಾಹನದ ನೋಂದಣಿ ಸಂಖ್ಯೆಯನ್ನು ಹೇಳಬೇಕು. ಗೊತ್ತಾದ ದಿನ ಗೊತ್ತಾದ ಹೊತ್ತಿಗೆ ಅದೇ ವಾಹನದಲ್ಲಿ ಬರಬೇಕು. ಬಹುಕಾಲ ಒಂದು ವಾಹನಕ್ಕೆ ಎರಡೇ ಪೆಟ್ಟಿಗೆ. ಒಂದು ದೂರವಾಣಿ ಸಂಖ್ಯೆಗೂ ಒಂದು ವಾಹನಕ್ಕೂ 60 ದಿನಗಳಿಗೊಮ್ಮೆ ಮಾತ್ರ. ಹೀಗೆ ಸಾಲು ರಸ್ತೆಯನ್ನು ಬಿಟ್ಟು ತಂತಿಯನ್ನು ಹತ್ತಿತು. ಮೋಟಾರಿನಲ್ಲಿ ಕುಳಿತು ಕಾಯುತ್ತಿದ್ದವರು ಮನೆಯಲ್ಲಿ ಕುಳಿತು ದೂರವಾಣಿಯನ್ನು ಮತ್ತೆ ಮತ್ತೆ ಒತ್ತುವವರಾದರು. ವ್ಯಕ್ತಿಯ ನಿಯಮವು ಇಲ್ಲಿ ಇದ್ದಿತಾದರೂ ಅದು ವ್ಯಕ್ತಿಯನ್ನೇ ಹಿಡಿಯಲಿಲ್ಲ; ಅವನ ಉಪಾಧಿಗಳಾದ ವಾಹನವನ್ನೂ ದೂರವಾಣಿಯನ್ನೂ ಹಿಡಿಯಿತು. ಉಪಾಧಿಗಳು ಎರವಲು ದೊರೆಯುವಂಥವು. ಹತ್ತು ಮಂದಿ ಸ್ನೇಹಿತರ ವಾಹನಗಳನ್ನು ಕಳುಹಿಸಬಲ್ಲವನಿಗೆ ಇಪ್ಪತ್ತು ಪೆಟ್ಟಿಗೆಗಳು ದೊರೆಯುವುದರಲ್ಲಿ ಆಶ್ಚರ್ಯವಿಲ್ಲ.

ಇದರ ಕೊರತೆಯು 2018ರಲ್ಲಿ ಎಲ್ಲರಿಗೂ ಕಾಣುವಂತಾಯಿತು. ನೆದರ್ಲೆಂಡ್ಸಿನಲ್ಲಿ ಆಗ ನಡೆಯುತ್ತಿದ್ದ ಯಾನ್ ಲಿಂಡರ್ಸ್ ಎಂಬ ಅಂಗಡಿಗಳ ಸರಣಿಯವರು ಮಠದ ಅನುಮತಿಯಿಲ್ಲದೆ ಈ ಬಿಯರನ್ನು ಸಾವಿರಾರು ಸೀಸೆಗಳಷ್ಟು ಸಂಗ್ರಹಿಸಿ ಸೀಸೆಗೆ 9.95 ಯೂರೋವಿನಂತೆ ಮಾರಿದರು. ಮಠದ ಬಾಗಿಲಲ್ಲಿ ಅದರ ಬೆಲೆ ಎರಡು ಯೂರೋವಿಗೂ ಕಡಿಮೆಯಾಗಿತ್ತು. ಐದು ಪಾಲಿನಲ್ಲಿ ನಾಲ್ಕು ಪಾಲು ಮಠಕ್ಕೂ ಇಲ್ಲ, ಕುಡಿಯುವವನಿಗೂ ಇಲ್ಲ. ಮಠದವರು ಬಹಿರಂಗವಾಗಿ ಆಕ್ಷೇಪಿಸಿದರು. ಮಠದ ಬಿಯರನ್ನು ಲಾಭದ ವಸ್ತುವನ್ನಾಗಿ ಮಾಡಿದುದು ತಮ್ಮ ನಿಯಮಕ್ಕೆ ವಿರುದ್ಧವೆಂಬುದು ಅವರ ಆಕ್ಷೇಪದ ಸಾರ.

ಧರ್ಮದೃಷ್ಟಿಯಿಂದ ಅವರ ಪಕ್ಷವು ಬಲವಾದುದೇ ಆದರೂ ವ್ಯವಹಾರದೃಷ್ಟಿಯಿಂದ ದುರ್ಬಲವೆನ್ನದೆ ವಿಧಿಯಿಲ್ಲ. ಯೂರೋಪಿನ ಒಕ್ಕೂಟದ ಕಾನೂನಿನಂತೆ, ವ್ಯಾಪಾರಚಿಹ್ನೆಯ ಒಡೆಯನೇ ಒಕ್ಕೂಟದೊಳಗೆ ಮಾರಿದ ಸರಕಿನ ಮುಂದಿನ ಮಾರಾಟವನ್ನು ಅವನು ಆ ಚಿಹ್ನೆಯ ಬಲದಿಂದ ಸಾಮಾನ್ಯವಾಗಿ ತಡೆಯಲಾರನು. ಮೊದಲ ಮಾರಾಟದೊಡನೆ ಅವನ ಹಕ್ಕು ತೀರುವುದು. ರಸೀದಿಯ ಮೇಲಿನ ಮಾತು ರಸೀದಿಯನ್ನು ಪಡೆದವನನ್ನು ಕಟ್ಟಬಹುದೇ ಹೊರತು ಅವನಿಂದ ಕೊಂಡ ಮೂರನೆಯವನನ್ನು ಕಟ್ಟದು. ಭಾರತೀಯ ವ್ಯವಹಾರಶಾಸ್ತ್ರದ ನಿಲುವೂ ಇದಕ್ಕೆ ದೂರವಾದುದಲ್ಲ. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯ ದಾಯಭಾಗಪ್ರಕರಣದಲ್ಲಿ ಸ್ವತ್ವವೆಂಬುದು ಲೌಕಿಕವೆಂದೇ ಸಾಧಿಸಿ, ಅದಕ್ಕೆ ಕಾರಣವಾದ ಉಪಾಯಗಳಲ್ಲಿ ಕ್ರಯವನ್ನೂ ಗೌತಮನ ಮತದಂತೆ ಅಂಗೀಕರಿಸಿರುವನು. ಕ್ರಯದಿಂದ ಸ್ವಾಮ್ಯವು ಹುಟ್ಟುವುದಾದರೆ, ಬೇಕಾದಂತೆ ವಿನಿಯೋಗಿಸುವ ಯೋಗ್ಯತೆಯೂ ಅದರೊಡನೆ ಬರತಕ್ಕದ್ದೇ. ಮಾರಿದವನು ವಸ್ತುವನ್ನು ಕೊಟ್ಟು ವಿನಿಯೋಗವನ್ನು ತನ್ನಲ್ಲಿಯೇ ಇಟ್ಟುಕೊಳ್ಳುವುದು ದಾನಕ್ಕಾಗಲಿ ವಿಕ್ರಯಕ್ಕಾಗಲಿ ಸುಲಭವಾಗಿ ಹೊಂದುವ ಮಾತಲ್ಲ.

ಮರುಮಾರಾಟಗಾರನ ಪರವಾಗಿ ಇನ್ನೊಂದು ಪೂರ್ವಪಕ್ಷವೂ ಉಂಟು. ಟೋಕಿಯೋ ನಗರದಲ್ಲಿರುವ ರಸಿಕನು ಎರಡು ಪೆಟ್ಟಿಗೆಗಾಗಿ ಫ್ಲಾಂಡರ್ಸಿನವರೆಗೆ ಬರಲಾರನು. ಅವನಿಗೆ ಸೀಸೆಯನ್ನು ತಲಪಿಸುವವನು ಸಾಗಾಟದ ಖರ್ಚನ್ನೂ ಒಡೆಯುವ ಅಪಾಯವನ್ನೂ ಸುಂಕವನ್ನೂ ಹೊರುವನು. ಅದಕ್ಕೆ ಪ್ರತಿಫಲವು ಬೇಡವೆ? ಈ ಪ್ರಶ್ನೆಯು ನ್ಯಾಯವಾದುದೇ. ದೇಶಾಂತರದಿಂದಲೂ ಕಾಲಾಂತರದಿಂದಲೂ ಬಂದ ಸರಕಿಗೆ ಬೆಲೆ ಕಟ್ಟುವಾಗ ಹೂಡಿದ ಬಂಡವಾಳ, ಸರಕಿನ ಉತ್ಪತ್ತಿ, ಸುಂಕ, ಬಡ್ಡಿ, ಬಾಡಿಗೆ, ಇತರ ವೆಚ್ಚ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದೆಂದು ಕೌಟಿಲ್ಯನೂ ನಾಲ್ಕನೆಯ ಅಧಿಕರಣದಲ್ಲಿ ಹೇಳಿರುವನು. ಆದರೆ ಅದೇ ಅಧ್ಯಾಯದಲ್ಲಿ ಅವನು ಲಾಭದ ಮಿತಿಯನ್ನೂ ಹೇಳದೆ ಬಿಟ್ಟಿಲ್ಲ: ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ್ದಕ್ಕೆ ಹತ್ತು. ಯಾಜ್ಞವಲ್ಕ್ಯನೂ ಇದೇ ಪ್ರಮಾಣವನ್ನು ವಿಧಿಸುವನು. ಮಠದ ಬಾಗಿಲಿಗೂ ನೆದರ್ಲೆಂಡ್ಸಿನ ಅಂಗಡಿಗೂ ಇರುವ ದಾರಿಯು ಮೋಟಾರಿನಲ್ಲಿ ಕೆಲವು ಗಂಟೆಗಳದು; ಸಾಗಾಟದ ಹೆಸರಿನಲ್ಲಿ ಬೆಲೆಯು ಐದು ಮಡಿಯಾಗುವುದನ್ನು ಯಾವ ಅರ್ಘವಿದನೂ ಒಪ್ಪಲಾರನು.

ಕಾನೂನಿನಿಂದ ಆಗದ ಕೆಲಸವನ್ನು ಮಠದವರು ಲೆಕ್ಕದ ಪುಸ್ತಕದಿಂದ ಸಾಧಿಸಲು ಹೊರಟರು. ಇದು ಅವರ ಅನುಭವದಲ್ಲಿ ಬಹಳ ಕುತೂಹಲಕರವಾದ ಘಟ್ಟ. 2019ರ ಜೂನ್ ತಿಂಗಳಲ್ಲಿ, ಮಠಾಧಿಪತಿ ಮಾನು ವಾನ್ ಹೆಕ್ಕೆಯವರ ಕಾಲದಲ್ಲಿ, ದೂರವಾಣಿಯನ್ನು ಬಿಟ್ಟು ಅಂತರಜಾಲದ ಮೂಲಕ ಮಾರುವ ವ್ಯವಸ್ಥೆಯು ಬಂದಿತು. ಕೊಳ್ಳಬೇಕೆಂಬವನು ಮೊದಲು ತನ್ನ ಹೆಸರನ್ನೂ ವಾಹನದ ಸಂಖ್ಯೆಯನ್ನೂ ನೋಂದಾಯಿಸಬೇಕು. ಬಿಯರು ಮಾರಾಟಕ್ಕೆ ಬಂದಾಗ, ಬೇಗ ಕೈಚಾಚಿದವನಿಗೆ ಅದು ಹೋಗುವುದಿಲ್ಲ. ಹಿಂದೆ ಕೊಳ್ಳದಿದ್ದವನಿಗೂ, ಕೊಂಡು ಬಹುಕಾಲವಾದವನಿಗೂ ಆದ್ಯತೆ. ಹಿಂದಣ ಪದ್ಧತಿಗಳೆಲ್ಲ ಆ ಒಂದು ದಿನದ ಸ್ಪರ್ಧೆಯನ್ನು ಮಾತ್ರ ನೋಡುತ್ತಿದ್ದುವು, ಇದಕ್ಕಾದರೋ ನೆನಪಿದೆ. ಸಾಲಿಗೆ ನೆನಪಿಲ್ಲ, ಚೀಟಿಗೆ ನೆನಪಿಲ್ಲ, ಬೆಲೆಗಂತೂ ಇಲ್ಲವೇ ಇಲ್ಲ. ನಿನ್ನೆ ಪಡೆದವನೂ ಇಂದು ಅವುಗಳ ಮುಂದೆ ಹೊಸಬನೇ. ನೆನಪುಳ್ಳ ಪಟ್ಟಿಯೆದುರಿಗೆ ಮರುಮಾರಾಟಗಾರನ ವೃತ್ತಿಯೇ ಅವನಿಗೆ ಶತ್ರುವಾಗುವುದು. ಏಕೆಂದರೆ ಮತ್ತೆ ಮತ್ತೆ ಕೊಳ್ಳುವುದೇ ಅವನ ಜೀವನೋಪಾಯ, ಕೊಂಡಷ್ಟೂ ಅವನ ಸರದಿಯು ಹಿಂದಕ್ಕೆ ಬೀಳುವುದು. ವರ್ಷಕ್ಕೊಮ್ಮೆ ಎರಡು ಪೆಟ್ಟಿಗೆಗಳನ್ನು ಬಯಸುವ ಗೃಹಸ್ಥನಿಗೆ ಈ ನಿಯಮದಿಂದ ತೊಂದರೆಯಿಲ್ಲ. ಇಲ್ಲಿ ಯಾರ ಮನಸ್ಸಿನಲ್ಲಿ ಏನಿದೆಯೆಂದು ವಿಚಾರಿಸಬೇಕಾದುದೂ ಇಲ್ಲ. ಪ್ರತಿಜ್ಞೆಯನ್ನು ಮಾಡಿಸಬೇಕಾದುದೂ ಇಲ್ಲ. ಶುಚಿಯೆಂದು ತಿಳಿದುಬಂದವನು ಎಂಬ ಕೌಟಿಲ್ಯನ ಮಾತಿಗೆ ಅವನ ಕಾಲದಲ್ಲಿ ಊರಿನವರ ಪರಿಚಯವೇ ಸಾಕ್ಷಿಯಾಗಿದ್ದಿರಬೇಕು. ಪರಿಚಯವಿಲ್ಲದ ಸಾವಿರಾರು ಮಂದಿಯೊಡನೆ ವ್ಯವಹರಿಸುವಲ್ಲಿ ಕೊಂಡ ದಿನಗಳ ಪಟ್ಟಿಯು ಆ ಸಾಕ್ಷಿಯ ಸ್ಥಾನದಲ್ಲಿ ನಿಂತಿದೆ.

ಈ ವ್ಯವಸ್ಥೆಯು ನಿರ್ದೋಷವೆಂದಲ್ಲ. ವಾಹನವಿಲ್ಲದವನಿಗೂ ದೂರದೇಶದವನಿಗೂ ಬಾಗಿಲಿನ ಮಾರಾಟದಿಂದ ಪ್ರಯೋಜನವಿಲ್ಲ. ಬಡವನಾದ ನೆರೆಯವನಿಗಿಂತ ಮೋಟಾರುಳ್ಳ ಪರವೂರಿನವನಿಗೆ ಅನುಕೂಲವೆಂಬ ಆಕ್ಷೇಪಕ್ಕೆ ಸಮಾಧಾನವು ಕಷ್ಟ. ಒಬ್ಬನು ಬಂಧುಗಳ ಹೆಸರುಗಳಲ್ಲಿ ನೋಂದಾಯಿಸಿಕೊಂಡರೆ ಪಟ್ಟಿಯು ಮೋಸಹೋಗುವುದು. ಆದರೆ ಹೆಸರುಗಳು ಹೆಚ್ಚಿದಷ್ಟೂ ಆ ಎಲ್ಲ ಹೆಸರಿನವರನ್ನೂ ಅವರವರ ವಾಹನಗಳಲ್ಲಿ ಕರೆತರುವ ಶ್ರಮವೂ ಹೆಚ್ಚುವುದಷ್ಟೆ. ಮರುವಿಕ್ರಯವು ನಿಂತುಹೋಯಿತೆಂದು ಯಾರೂ ಹೇಳಲಾರರು. ಅದು ಸಗಟು ವ್ಯಾಪಾರವಾಗುವುದು ಕಷ್ಟವಾಯಿತೆಂದು ಹೇಳಿದರೆ ಸಾಕು. ಬೆಲೆಯು ಅಗ್ಗವಾಗಿಯೇ ಉಳಿದು, ಆ ಅಗ್ಗದ ಪ್ರಯೋಜನವು ಕುಡಿಯುವವನಿಗೇ ಸೇರುವ ಸಂಭವವು ಹೆಚ್ಚಿತು. ಬೆನೆಡಿಕ್ಟನ ನಿಯಮದಲ್ಲಿ ಮೌನವಿದ್ದ ಎಡೆಯನ್ನು ಸುಮಾರು ಹದಿನೈದು ಶತಮಾನಗಳ ಮೇಲೆ ಒಂದು ಪಟ್ಟಿಯು ತುಂಬಿದಂತಾಯಿತು.

ಇನ್ನೊಂದು ಸೂಕ್ಷ್ಮವು ಉಳಿದಿದೆ. ಯಾಜ್ಞವಲ್ಕ್ಯನು ನೂರಕ್ಕೆ ಐದು, ಹತ್ತು ಎಂಬ ಮಿತಿಯನ್ನು ಹೇಳುವಾಗ ‘ಸದ್ಯಃ ಕ್ರಯವಿಕ್ರಯಿ’ಯಾದವನಿಗೆ ಎಂದು ವಿಶೇಷಣವನ್ನು ಹಾಕಿರುವನು. ಕೊಂಡ ದಿನವೇ ಮಾರುವವನು ಎಂದು ಮಿತಾಕ್ಷರೆಯ ವಿವರಣೆ. ಕಾಲಾಂತರದಲ್ಲಿ ಮಾರುವವನಿಗೆ ಕಾಲದ ಹೆಚ್ಚಳಕ್ಕೆ ತಕ್ಕಂತೆ ಲಾಭದ ಹೆಚ್ಚಳವನ್ನೂ ಕಲ್ಪಿಸಬೇಕೆಂದು ವಿಜ್ಞಾನೇಶ್ವರನು ಮುಂದುವರಿದು ಹೇಳುವನು. ‘ಹನ್ನೆರಡ’ನ್ನು ಬಾಗಿಲಲ್ಲಿ ಕೊಂಡು ಅದೇ ವಾರದಲ್ಲಿ ಅಂಗಡಿಗೆ ಹಾಕಿದವನು ಮೊದಲನೆಯ ವರ್ಗಕ್ಕೆ ಸೇರಿದವನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಪೆಟ್ಟಿಗೆಯನ್ನು ತಂಪಾದ ನೆಲಮಾಳಿಗೆಯಲ್ಲಿ ಹತ್ತು ವರ್ಷ ಕಾಪಾಡಿ, ಕತ್ತಲೆಯನ್ನೂ ಶಾಖವನ್ನೂ ನೋಡಿಕೊಂಡು, ಪಾಕಗೊಂಡ ಸೀಸೆಯನ್ನು ಮಾರುವವನು ಕಾಲವನ್ನೂ ಜಾಗವನ್ನೂ ಎಚ್ಚರಿಕೆಯನ್ನೂ ಅದಕ್ಕೆ ಕೂಡಿಸಿರುವನು. ಅವನ ಸೀಸೆಯು ಮಠದ ಬಾಗಿಲಲ್ಲಿ ದೊರೆಯುವ ಸೀಸೆಯೇ ಅಲ್ಲವೆಂದರೂ ತಪ್ಪಾಗದು. ಸ್ಮೃತಿಕಾರನು ಇವರಿಬ್ಬರನ್ನೂ ಬೇರೆಬೇರೆಯಾಗಿ ಕಂಡಿರುವನು. ಮಠದ ರಸೀದಿಯ ನಿಬಂಧನೆಯಾದರೋ ಇಬ್ಬರನ್ನೂ ಒಂದೇ ಮಾತಿನಿಂದ ನಿಷೇಧಿಸುವುದು.